ಹನ್ನೊಂದೂ ಚಿಲ್ಲರೆ ಒಂಟೆಗಳು

ಒಂಟೆಗಳ ಹಿಂಡೊಂದರ ಕಾಲುಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಕಡೆ ಹೋಯಿತು. ಉಳಿದ ಹದಿನೈದು ಹೊಳೆದಂಡೆಯಲ್ಲಿ ನಿಂತಿವೆ. ಒಟ್ಟು ಎಷ್ಟು?

ಒಂಬತ್ತನೇ ಶತಮಾನದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಕೇಳಿದ ಲೆಕ್ಕವಿದು. ಅವರು ಹೊಗಳುವ ದೊರೆ ಅಮೋಘವರ್ಷ ನೃಪತುಂಗ. ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಮಳಖೇಡ. ಹೈದರಾಬಾದಿನ ನಮ್ಮ ಕೊಂಡಾಪುರದಿಂದ ಲಿಂಗಂಪಲ್ಲಿ ಸ್ಟೇಷನ್ನಿಗೆ ಹೋಗಿ ವಾಡಿ ಕಡೆಯ ರೈಲು ಹತ್ತಿದರೆ, ತಾಂಡೂರು, ಸೇಡಂ ದಾಟಿದ ಮೇಲೆ ಸಿಗುತ್ತದೆ. 1956ರವರೆಗೆ ಅದೂ ಹೈದರಾಬಾದ್ ರಾಜ್ಯದ್ದೇ. ಭಾನುವಾರ ಬೆಳಗ್ಗೆ ನಮ್ಮ ಊಟದ ಮೇಜಿಗೆ ಪುಸ್ತಕ ಹಿಡಿದು ಬರುವ ಇಂಟರ್ ಮಕ್ಕಳಿಗೆ ಇದನ್ನು ನಮ್ಮೂರ ಲೆಕ್ಕ ಅಂತಲೇ ಕೊಡುತ್ತೇನೆ.

ಕಲಬುರಗಿ ಕಡೆಯ ಹುಡುಗನೊಬ್ಬ ವರ್ಗಮೂಲವನ್ನು ಒಂದು ಪಕ್ಕಕ್ಕೆ ತಳ್ಳಿ, ಎರಡೂ ಕಡೆ ವರ್ಗ ಮಾಡಿದ. ಸಮೀಕರಣ ಉಬ್ಬಿತು: ಚಿಹ್ನೆ ಬಿಟ್ಟರೆ ಗುಣಕಗಳು 9, 424, 3600. ಬೆವರಿದರೂ ಬಿಡಲಿಲ್ಲ. ಎರಡು ಉತ್ತರ ಬಂದವು: 36 ಮತ್ತು 100/9.

“36 ಅಂಕಲ್. ಇನ್ನೊಂದು ಹೊಡದ್ ಹಾಕೀನಿ.”

“ಯಾಕೆ?”

“ಹನ್ನೊಂದೂ ಚಿಲ್ಲರೆ ಒಂಟಿ ಎಲ್ಲಿರ್ತಾವ್ರೀ?”

ಒಂಟೆಯಲ್ಲ, ಹಾಲಿನ ಲೀಟರು ಅಂದುಕೋ, ಆಗ? ಹುಡುಗ ಪೆನ್ನು ಕಚ್ಚಿದ. ಆ ಉತ್ತರವನ್ನೇ ಲೆಕ್ಕದೊಳಗೆ ಇಟ್ಟು ತಾಳೆ ನೋಡು ಅಂದೆ. ಅರೆಗಳಿಗೆ ಬಿಟ್ಟು ನಕ್ಕ: “ಹಿಂಡಿನಾಗ ಇರೋದೇ ಹನ್ನೊಂದು, ದಂಡ್ಯಾಗೇ ಹದಿನೈದು ನಿಂತಾವಲ್ರೀ!”

ತಪ್ಪು ಹೊಕ್ಕಿದ್ದು ವರ್ಗ ಮಾಡಿದ ಸಾಲಿನಲ್ಲಿ. ಆ ಉತ್ತರಕ್ಕೆ ಎಡಗಡೆ ಋಣ 20/3, ಬಲಗಡೆ ಧನ 20/3. ವರ್ಗ ಮಾಡಿದೊಡನೆ ಋಣಚಿಹ್ನೆ ಅಳಿಸಿಹೋಗಿ ಎರಡೂ ಒಂದೇ ಆದವು. ವರ್ಗಮೂಲವನ್ನೇ ಅವ್ಯಕ್ತ ಅಂತ ಹಿಡಿದಿದ್ದರೆ 3, 8, 60ರ ಪುಟ್ಟ ಸಮೀಕರಣ ಸಾಕಿತ್ತು; 6 ಮತ್ತು ಋಣ 10/3 ಬರುತ್ತಿದ್ದವು, ಬೇಡದ್ದು ಬಾಗಿಲಲ್ಲೇ ಸಿಕ್ಕಿಬೀಳುತ್ತಿತ್ತು. ನನ್ನ ರುಚಿಗೆ ಈ ದಾರಿಯೇ ಚೆಂದ. ಆದರೆ ಅವನ ಸುತ್ತುದಾರಿ ಕಲಿಸಿದ್ದೇ ಹೆಚ್ಚು ಎಂದು ಒಪ್ಪಬೇಕು. (ನಾಲ್ಕು ಆಯ್ಕೆಯನ್ನೂ ಇಟ್ಟು ನೋಡಿ ಟಿಕ್ ಹಾಕುವ ಕೋಚಿಂಗ್ ಚಾಳಿಯನ್ನು ನಾನು ಬೈಯುವುದುಂಟು. ಇಟ್ಟು ನೋಡುವ ಮಟ್ಟಿಗೆ ಅದು ಒಳ್ಳೆಯ ಚಾಳಿಯೇ.)

ಬಂದ ಉತ್ತರವನ್ನು ಇಟ್ಟು ನೋಡುವ ಇದೇ ಪಾಠಕ್ಕೆ ಕ್ಯಾಲ್ಕುಲಸ್‌ನಲ್ಲಿ ನನ್ನ ಮೆಚ್ಚಿನದು ಡಬ್ಬಿಯ ಲೆಕ್ಕ. 12 ಸೆಂ.ಮೀ. ಚೌಕ ರಟ್ಟಿನ ನಾಲ್ಕು ಮೂಲೆಯಲ್ಲೂ ಒಂದೇ ಅಳತೆಯ ಚೌಕ ಕತ್ತರಿಸಿ, ಅಂಚು ಮಡಚಿ, ಮುಚ್ಚಳವಿಲ್ಲದ ಡಬ್ಬಿ ಮಾಡಬೇಕು. ಎಷ್ಟು ಕತ್ತರಿಸಿದರೆ ಅತಿ ಹೆಚ್ಚು ಹಿಡಿಸುತ್ತದೆ? ಅವಕಲನ ಮಾಡಿ ಸೊನ್ನೆಗೆ ಸಮ ಮಾಡಿದರೆ 2 ಮತ್ತು 6. ಎರಡಕ್ಕೆ 128 ಘನ ಸೆಂ.ಮೀ. ಸಿಗುತ್ತದೆ. ಆರನ್ನು ಎಲ್ಲರೂ ಕಣ್ಣುಮುಚ್ಚಿ ಹೊಡೆದುಹಾಕುತ್ತಾರೆ. ಪಕ್ಕದ ಮನೆಯ ಹುಡುಗಿ ಮಾತ್ರ ಹಳೇ ಮದುವೆ ಕಾರ್ಡು, ಕತ್ತರಿ ತಂದಳು. ನಾಲ್ಕೂ ಮೂಲೆಯಲ್ಲಿ ಆರಾರು ಅಳೆದು ಕತ್ತರಿಸಿದಳು. ಮೇಜಿನ ಮೇಲೆ ನಾಲ್ಕು ಚೌಕ ಚೂರು.

“ಅಂಕಲ್, ಡಬ್ಬಿ ಎಲ್ಲಿ?”