ಬಿ.ಎನ್. ರಾವ್ ತಿದ್ದಿದ ಎಣ್ಣೆಯ ಠರಾವು

ಬೆನಗಲ್ ನರಸಿಂಗ ರಾವ್ ಅಂದರೆ ನಮ್ಮಲ್ಲಿ ಸಂವಿಧಾನದ ಮಾತು ಬರುತ್ತದೆ. ಮಂಗಳೂರಿನ ಈ ಐಸಿಎಸ್ ಅಧಿಕಾರಿ ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡು ಸಿದ್ಧಮಾಡಿಕೊಟ್ಟರು ಎಂಬಲ್ಲಿಗೆ ನಮ್ಮ ಹೊಗಳಿಕೆ ಮುಗಿದೂ ಹೋಗುತ್ತದೆ. ಅವರ ಕೈಯಾಡಿದ ಇನ್ನೊಂದು ಕರಡು 1951ರ ಅಕ್ಟೋಬರಿನದು. ಅದು ಮತಕ್ಕೇ ಹೋಗಲಿಲ್ಲ. ರಾವ್ ಅವರ ಶಕ್ತಿ, ಮಿತಿ ಎರಡೂ ಒಟ್ಟಿಗೆ ಕಾಣುವುದು ಈ ಸೋತ ಕರಡಿನಲ್ಲೇ ಎಂಬುದು ನನ್ನ ತಕರಾರು.

ಆ ವರ್ಷ ಇರಾನ್ ತನ್ನ ಎಣ್ಣೆ ಉದ್ಯಮವನ್ನು ರಾಷ್ಟ್ರೀಕರಿಸಿತು. ಆಂಗ್ಲೋ-ಇರಾನಿಯನ್ ಕಂಪನಿಯ ಗುತ್ತಿಗೆ ಅಲ್ಲಿಗೆ ಮುಗಿಯಿತು. ಬ್ರಿಟನ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ಜುಲೈ 5ರಂದು ಮಧ್ಯಂತರ ಆದೇಶ ತಂದಿತು. ಪ್ರಧಾನಿ ಮೊಸಾದೆಗ್ ಅದಕ್ಕೆ ಸೊಪ್ಪು ಹಾಕಲಿಲ್ಲ. ಅಬಾದಾನ್ ಸಂಸ್ಕರಣಾಗಾರದ ಬ್ರಿಟಿಷ್ ನೌಕರರು ಗಂಟುಮೂಟೆ ಕಟ್ಟುವ ಹೊತ್ತಿಗೆ ದೂರು ಭದ್ರತಾ ಮಂಡಳಿಯ ಮುಂದೆ ಬಂತು. ಅಲ್ಲಿ ಭಾರತದ ಕುರ್ಚಿಯಲ್ಲಿ ಕೂತಿದ್ದವರು ರಾವ್.

ನ್ಯಾಯಾಲಯದ ಆದೇಶವನ್ನು ಇರಾನ್ ಪಾಲಿಸಲಿ ಎಂದು ಬ್ರಿಟನ್ನಿನ ಮೊದಲ ಠರಾವು ಬಿಗಿಯಾಗಿಯೇ ಹೇಳಿತ್ತು. ಮುಂದೆ ಆ ಬಿಗಿ ಸಡಿಲಿತು. ಭಾರತ, ಯುಗೊಸ್ಲಾವಿಯಾ ಸೇರಿ ಕೊಟ್ಟ ತಿದ್ದುಪಡಿಗಳನ್ನು ಬ್ರಿಟನ್ ಒಪ್ಪಿಕೊಂಡಿತು. ಆದಷ್ಟು ಬೇಗ ಮಾತುಕತೆ ಮತ್ತೆ ಶುರುವಾಗಲಿ, ಅದು ವಿಶ್ವಸಂಸ್ಥೆಯ ತತ್ವಗಳಿಗೆ ಹೊಂದಲಿ, ಎರಡೂ ಪಕ್ಷಗಳ ಹಕ್ಕುವಾದಗಳಿಗೆ ಧಕ್ಕೆ ತರುವ ಕೆಲಸ ಯಾರೂ ಮಾಡದಿರಲಿ ಎಂಬಷ್ಟು ಉಳಿಯಿತು. ಕರಡು ಬರೆಯುವವರ ಕಣ್ಣಿನಿಂದ ನೋಡಿದರೆ ಇದು ನುರಿತ ಕೆಲಸ. ಇರಾನಿನ ಮೇಲೆ ತನಗೆ ಅಧಿಕಾರವಿದೆಯೇ ಎಂಬುದನ್ನು ನ್ಯಾಯಾಲಯವೇ ಇನ್ನೂ ತೀರ್ಮಾನಿಸಿರಲಿಲ್ಲ. ಆ ತೀರ್ಮಾನವನ್ನು ಮಂಡಳಿ ಮೊದಲೇ ಮಾಡಿಬಿಡುವ ಅಪಾಯವನ್ನು ತಿದ್ದುಪಡಿ ತಪ್ಪಿಸಿತು.

ಹಾಗಾದರೆ ಮೊಸಾದೆಗ್ ಯಾಕೆ ಒಪ್ಪಲಿಲ್ಲ? ಅದಕ್ಕೆ 1933ಕ್ಕೆ ಹೋಗಬೇಕು.

1901ರಲ್ಲಿ ಡಾರ್ಸಿ ಎಂಬವನಿಗೆ 60 ವರ್ಷಕ್ಕೆ ಕೊಟ್ಟು, ಮುಂದೆ ಇದೇ ಕಂಪನಿಯ ಕೈಗೆ ಬಂದ ಎಣ್ಣೆ ಗುತ್ತಿಗೆಯಿಂದ ಇರಾನಿಗೆ ಸಿಗುತ್ತಿದ್ದದ್ದು ಲಾಭದ ಶೇ. 16. 1930ರಲ್ಲಿ ಸುಮಾರು 12.9 ಲಕ್ಷ ಪೌಂಡ್ ಇದ್ದ ರಾಜಧನ 1931ರಲ್ಲಿ ಮೂರು ಲಕ್ಷಕ್ಕೆ ಕುಸಿಯಿತು. ಸಿಟ್ಟಿಗೆದ್ದ ಇರಾನಿನ ದೊರೆ ರೆಜಾ ಶಾ 1932ರ ನವೆಂಬರಿನಲ್ಲಿ ಗುತ್ತಿಗೆ ರದ್ದು ಮಾಡಿದ. ಬ್ರಿಟನ್ ಲೀಗ್ ಆಫ್ ನೇಷನ್ಸ್‌ಗೆ ದೂರು ಕೊಟ್ಟಿತು. ಚೆಕೊಸ್ಲೊವಾಕಿಯಾದ ಬೆನೆಶ್ ವರದಿಗಾರರಾಗಿ ನಡುವೆ ನಿಂತು, ನೀವು ನೀವೇ ಮಾತಾಡಿ ಎಂದರು. ಮಾತಾಡಿದರು. 1933ರ ಏಪ್ರಿಲಿನಲ್ಲಿ ಕಂಪನಿಯ ಅಧ್ಯಕ್ಷ ಕ್ಯಾಡ್‌ಮನ್ ತೆಹ್ರಾನಿಗೆ ಬಂದು ಶಾನನ್ನು ಕಂಡ ಮೇಲೆ ಹೊಸ ಒಪ್ಪಂದವಾಯಿತು. ಟನ್ನಿಗೆ ನಾಲ್ಕು ಶಿಲ್ಲಿಂಗ್ ಖಾತ್ರಿಯಾಯಿತು, ಗುತ್ತಿಗೆಯ ಪ್ರದೇಶ ಒಂದು ಲಕ್ಷ ಚದರ ಮೈಲಿಗೆ ಇಳಿಯಿತು. ಆದರೆ 1961ಕ್ಕೆ ತೀರಬೇಕಿದ್ದ ಗುತ್ತಿಗೆ 1993ರವರೆಗೆ ಬೆಳೆಯಿತು! ನಮ್ಮ ರೋಣ, ಗಜೇಂದ್ರಗಡದ ಕಡೆ ಹೊಲ ಲಾವಣಿಗೆ ಕೊಟ್ಟವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ: ನಡುವರ್ಷ ಲಾವಣಿ ಮುರಿದು ಜಗಳ ತೆಗೆದವ, ಹಿರಿಯರ ಮುಂದೆ ಕೂತೆದ್ದಾಗ ನಾಲ್ಕು ಚೀಲ ಜೋಳ ಹೆಚ್ಚಿಗೆ ಪಡೆದು ಹೊಲವನ್ನು ಮಗನ ಕಾಲದವರೆಗೆ ಬರೆದುಕೊಟ್ಟು ಬಂದ ಹಾಗೆ. ಸಹಿ ಹಾಕಿದ ಹಣಕಾಸು ಮಂತ್ರಿ ತಗೀಜಾದೆ, ತಾನು ಬರೀ ಕೈಗೊಂಬೆಯಾಗಿದ್ದೆ ಎಂದು ಮುಂದೆ 1949ರಲ್ಲಿ ಸಂಸತ್ತಿನಲ್ಲೇ ಹೇಳಿಕೊಂಡರು.

ಮಾತುಕತೆಗೆ ಮರಳಿ ಎಂಬ ಸೌಮ್ಯ ಸಲಹೆ ತೆಹ್ರಾನಿಗೆ ಹೇಗೆ ಕೇಳಿಸಿರಬೇಕು? 1933ರ ಗಾಯದ ಮೇಲೆ ಮತ್ತೆ ಬೆರಳಿಟ್ಟಂತೆ. ರಾವ್ ಅವರ ತಿದ್ದುಪಡಿಯ ದೊಡ್ಡ ಕೊರತೆ ಇನ್ನೂ ಒಂದಿದೆ. ಪಕ್ಷಗಳ ನಡುವಿನ ಭಿನ್ನಾಭಿಪ್ರಾಯ ಎನ್ನುವಾಗ ಅದು ಬ್ರಿಟಿಷ್ ಸರ್ಕಾರವನ್ನೇ ಒಂದು ಪಕ್ಷವೆಂದು ಒಪ್ಪಿಕೊಂಡಿತ್ತು. ಇರಾನ್ ಅಲ್ಲಗಳೆಯುತ್ತಿದ್ದದ್ದು ಅದನ್ನೇ: ಗುತ್ತಿಗೆ ನನ್ನದು ಮತ್ತು ಕಂಪನಿಯದು, ಲಂಡನ್ ಯಾರು? ಹರಿತವಾದ ಕಾನೂನು ಬುದ್ಧಿಯ ರಾವ್‌ಗೆ ಇದು ಹೊಳೆಯದೆ ಇರಲು ಸಾಧ್ಯವಿಲ್ಲ; ಎಲ್ಲರೂ ಸಹಿ ಹಾಕಬಹುದಾದ ಕಾಗದ ಬೇಕೆಂಬ ಹಂಬಲದಲ್ಲಿ ಅದನ್ನು ಪಕ್ಕಕ್ಕಿಟ್ಟರೆಂದೇ ನನ್ನ ಊಹೆ. ಜಗಳದ ಅಂಶವನ್ನು ಬಿಟ್ಟು ಬರೆಯುವ ಕಲೆ ಸಂವಿಧಾನ ಸಭೆಯಲ್ಲಿ ಫಲಿಸಿತು, ಅಲ್ಲಿ ಎಲ್ಲರಿಗೂ ಸಂವಿಧಾನ ಬೇಕಿತ್ತು. ಮಂಡಳಿಯಲ್ಲಿ ಹಾಗಿರಲಿಲ್ಲ. ಠರಾವಿಗೆ ಬೇಕಾದ ಏಳು ಮತ ಕಾಣಿಸದೆ, ನ್ಯಾಯಾಲಯ ತನ್ನ ಅಧಿಕಾರ ನಿರ್ಧರಿಸುವವರೆಗೆ ಚರ್ಚೆಯನ್ನು ಅಕ್ಟೋಬರ್ 19ರಂದು ಮುಂದೂಡಿದರು.

1952ರಲ್ಲಿ ರಾವ್ ಅದೇ ನ್ಯಾಯಾಲಯದ ನ್ಯಾಯಾಧೀಶರಾಗಿ ಹೋದರು. ಮಂಡಳಿಯಲ್ಲಿ ಈ ವಿವಾದದ ವೇಳೆ ಭಾರತವನ್ನು ಪ್ರತಿನಿಧಿಸಿದ್ದೆ ಎಂಬ ಕಾರಣ ಕೊಟ್ಟು ಈ ಮೊಕದ್ದಮೆಯ ಪೀಠದಿಂದ ದೂರ ಉಳಿದರು. ಇಡೀ ಪ್ರಕರಣದಲ್ಲಿ ಅವರ ಅತ್ಯುತ್ತಮ ನಡೆ ಇದೇ, ಆ ಜಾಣ ಕರಡಿಗಿಂತ ಮೇಲು. 1933ರಲ್ಲಿ ಲೀಗ್‌ನ ಎದುರು ರಾಜತಾಂತ್ರಿಕ ಮಾತುಕತೆ ನಡೆದದ್ದರಿಂದ ಆ ಗುತ್ತಿಗೆಗೆ ಎರಡು ದೇಶಗಳ ಒಪ್ಪಂದದ ಸ್ಥಾನವೂ ಬಂದಿದೆ ಎಂದು ಬ್ರಿಟನ್ ವಾದಿಸಿತು. ಜುಲೈ 22ರಂದು 9–5 ಮತದಿಂದ ತೀರ್ಪು ಬಂತು: ಅದು ಒಂದು ಸರ್ಕಾರ ಮತ್ತು ಒಂದು ವಿದೇಶಿ ಕಂಪನಿಯ ನಡುವಿನ ಕರಾರು, ಅಷ್ಟೇ, ನಮಗೆ ಅಧಿಕಾರವಿಲ್ಲ.

ರಾಜೂರಿನಲ್ಲಿ ಕೂತು ಇದನ್ನು ಓದುವಾಗ ನಮ್ಮ ಜಿಲ್ಲೆಯ ಹಳ್ಳಿಗುಡಿ ನೆನಪಾಗದೆ ಇರದು. 2010ರ ಜೂನಿನ ಹೂಡಿಕೆದಾರರ ಸಮಾವೇಶದಲ್ಲಿ ಕೊರಿಯಾದ ಪೋಸ್ಕೊ ಕಂಪನಿಯ ಜೊತೆ ಅಲ್ಲೊಂದು ಉಕ್ಕಿನ ಕಾರ್ಖಾನೆಗೆ ಒಡಂಬಡಿಕೆಯಾಯಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ಬೀದಿಗಿಳಿದರು. 2011ರ ಜುಲೈನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಯೋಜನೆ ಕೈಬಿಟ್ಟರು. 2013ರಲ್ಲಿ ಕಂಪನಿಯೇ ಅಧಿಕೃತವಾಗಿ ಹಿಂದೆ ಸರಿಯಿತು. ಇಲ್ಲಿ ರದ್ದತಿ ಸಲೀಸಾಗಿ ಆದದ್ದಕ್ಕೆ ಹೋರಾಟದ ಬಿಸಿ ಒಂದು ಕಾರಣವಾದರೆ, ಒಡಂಬಡಿಕೆ ಇನ್ನೂ ಹಸಿಯಾಗಿತ್ತು ಎಂಬುದು ಇನ್ನೊಂದು. ಅದೇ ಕಂಪನಿಯ ಒಡಿಶಾ ಯೋಜನೆ 2005ರಿಂದ ಎಳೆದಾಡಿ, 2014ರಲ್ಲಿ ಎರಡು ದೇಶಗಳ ಮುಖ್ಯಸ್ಥರ ಮಾತುಕತೆಗೂ ಬಂತು. ಕಂಪನಿಯ ಬೆನ್ನಿಗೆ ಅದರ ದೇಶ ಬಂದು ಕೂತರೆ ಹಳ್ಳಿಯವರಿಗೆ ಆ ಚಾವಡಿಯಲ್ಲಿ ಜಾಗವೇ ಇರುವುದಿಲ್ಲ.

ರಾವ್ ಒಬ್ಬರನ್ನೇ ಕಟಕಟೆಗೆ ನಿಲ್ಲಿಸುವುದೂ ಸರಿಯಲ್ಲ. ನ್ಯೂಯಾರ್ಕಿನಲ್ಲಿ ಅವರು ಮಧ್ಯಸ್ಥಿಕೆಯ ಮಾತಾಡಿದ ಬೆನ್ನಿಗೇ, ಅಬಾದಾನಿನ ಎಣ್ಣೆ ನಿಂತ ಚಿಂತೆಯಲ್ಲಿದ್ದ ದೆಹಲಿ, 1951ರ ನವೆಂಬರ್, ಡಿಸೆಂಬರಿನಲ್ಲಿ ವಿದೇಶಿ ಎಣ್ಣೆ ಕಂಪನಿಗಳಾದ ಸ್ಟ್ಯಾನ್‌ವ್ಯಾಕ್ ಮತ್ತು ಬರ್ಮಾ ಷೆಲ್ ಜೊತೆ ಮುಂಬೈ ಸಂಸ್ಕರಣಾಗಾರಗಳ ಒಪ್ಪಂದ ಮಾಡಿಕೊಂಡಿತು. 25 ವರ್ಷ ರಾಷ್ಟ್ರೀಕರಿಸುವುದಿಲ್ಲ ಎಂದು ಬರೆದುಕೊಟ್ಟಿತು. ಇರಾನಿನ ಹಕ್ಕಿನ ಬಗ್ಗೆ ಸಹಾನುಭೂತಿ, ಅದೇ ಹಕ್ಕನ್ನು ತಾನು ಚಲಾಯಿಸುವುದಿಲ್ಲವೆಂಬ ಮುಚ್ಚಳಿಕೆ. 1953ರ ಆಗಸ್ಟಿನಲ್ಲಿ ಮೊಸಾದೆಗ್ ಪದಚ್ಯುತರಾದರು, ನವೆಂಬರಿನಲ್ಲಿ ರಾವ್ ಜ್ಯೂರಿಕ್‌ನಲ್ಲಿ ತೀರಿಕೊಂಡರು. ಮರುವರ್ಷ ಅಂತರರಾಷ್ಟ್ರೀಯ ಕಂಪನಿಗಳ ಕೂಟವೊಂದು ಇರಾನಿನ ಎಣ್ಣೆಗೆ ಮರಳಿದಾಗ ಶೇ. 40 ಪಾಲು ಹಳೆಯ ಕಂಪನಿಗೇ ಸಿಕ್ಕಿತು. ಬರ್ಮಾ ಷೆಲ್ಲನ್ನು ಭಾರತ 1976ರ ಜನವರಿಯಲ್ಲಿ ತನ್ನದಾಗಿಸಿಕೊಂಡಿತು, ಪರಿಹಾರ ಕೊಟ್ಟು. ಅದಕ್ಕಾಗಿ ಯಾರೂ ಭದ್ರತಾ ಮಂಡಳಿಯ ಬಾಗಿಲು ತಟ್ಟಲಿಲ್ಲ.