‘ಸ್ಪ್ರೌಟ್’ ವಾಹಿನಿಯೂ ಶಿಶುರಂಜನೆಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ‘ಸ್ಪ್ರೌಟ್’ ಎಂಬ ಶಿಶುವಾಹಿನಿಯೊಂದು 2005ನೆಯ ಇಸವಿ ಸೆಪ್ಟೆಂಬರ್ 26ರಂದು ಆರಂಭವಾಗಿ, 2017ರಲ್ಲಿ ಹೆಸರನ್ನೂ ಸ್ವರೂಪವನ್ನೂ ಬದಲಿಸಿಕೊಂಡು, 2025ರ ಮಾರ್ಚ್ 6ರಂದು ನಿಂತುಹೋಯಿತು. ಆ ಹೆಸರಿಗೆ ಮೊಳಕೆಯೆಂದು ಅರ್ಥ. ವ್ಯಾಪಾರದ ಕಣ್ಣಿನಿಂದ ನೋಡುವವರಿಗೆ ಇದು ಲಾಭ ಕಾಣದ ಒಂದು ಅಂಗಡಿ ಬಾಗಿಲು ಹಾಕಿದ ಸಂಗತಿ. ಸಾಹಿತ್ಯವಿಚಾರದಲ್ಲಿ ಆಸಕ್ತರಾದವರಿಗೆ ಇದರಲ್ಲಿ ಬೇರೊಂದು ಪ್ರಶ್ನೆ ಅಡಗಿದೆ. ಎರಡರಿಂದ ಐದು ವರ್ಷದ, ಇನ್ನೂ ಅಕ್ಷರ ಕಲಿಯದ ಶಿಶುವಿಗಾಗಿ ರಚಿತವಾದುದು ಕಲೆಯೆನಿಸಬಲ್ಲುದೆ? ಎನಿಸುವುದಾದರೆ ಅದನ್ನು ಯಾವ ಒರೆಗಲ್ಲಿಗೆ ಹಚ್ಚಿ ನೋಡತಕ್ಕದ್ದು?

ಆಲಂಕಾರಿಕರ ಗ್ರಂಥಗಳಲ್ಲಿ ಶಿಶುವಿಗೆ ಸ್ಥಾನವಿಲ್ಲದಿಲ್ಲ. ಭರತನು ಹೇಳಿದ ಎಂಟು ರಸಗಳೊಡನೆ ಶಾಂತವು ಸೇರಿ ಒಂಬತ್ತಾದ ಬಳಿಕ, ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ವತ್ಸಲವನ್ನೂ ರಸವೆಂದು ಅಂಗೀಕರಿಸಿದನು. ಆದರೆ ಅಲ್ಲಿ ಶಿಶುವು ಆಲಂಬನವಿಭಾವ ಮಾತ್ರ, ಅನುಭವಿಸತಕ್ಕವರು ಹಿರಿಯರು. ‘ಶಾಕುಂತಲ’ದ ಏಳನೆಯ ಅಂಕದಲ್ಲಿ ಬಾಲಕನು ಸಿಂಹದ ಮರಿಯ ಬಾಯಿ ತೆರೆಯಿಸಿ ಹಲ್ಲೆಣಿಸಹೊರಟಾಗ ಪುಳಕಗೊಳ್ಳುವವನು ದುಷ್ಯಂತ, ಅವನೊಡನೆ ಪ್ರೇಕ್ಷಕ. ಆ ಬಾಲಕನಿಗೆ ಯಾವ ಕಥೆ ಹಿಡಿಸೀತು, ಯಾವ ಹಾಡು ಕೇಳಿದರೆ ಅವನು ಮಲಗಿಯಾನು ಎಂಬ ವಿಚಾರ ಅಲ್ಲಿ ಅಪ್ರಸ್ತುತ. ಶಿಶುವನ್ನೇ ಸಹೃದಯನ ಪೀಠದಲ್ಲಿ ಕುಳ್ಳಿರಿಸಿ ಕೃತಿ ಕಟ್ಟುವ ಕೆಲಸವನ್ನು ಶಾಸ್ತ್ರಕಾರರು ಅಜ್ಜಿಯರಿಗೆ ಬಿಟ್ಟುಕೊಟ್ಟಿದ್ದರು; ಅಜ್ಜಿಯರು ಅದನ್ನು ಚೆನ್ನಾಗಿಯೇ ನಡೆಸಿಕೊಂಡು ಬಂದರು. ಯಂತ್ರದ ಮೂಲಕ ನಡೆಯಿಸುವ ಪ್ರಯತ್ನ ಈಚಿನದು.

1969ರ ನವೆಂಬರ್ 10ರಂದು ಮೊದಲ್ಗೊಂಡ ‘ಸೆಸಮಿ ಸ್ಟ್ರೀಟ್’ ಈ ಪ್ರಯತ್ನಕ್ಕೆ ಗೌರವವನ್ನು ತಂದುಕೊಟ್ಟಿತು. ಅದನ್ನು ಪ್ರಸಾರಮಾಡುತ್ತ ಬಂದ ಸಾರ್ವಜನಿಕ ಸಂಸ್ಥೆ ಪಿ.ಬಿ.ಎಸ್. 1999ರಲ್ಲಿ ಮಕ್ಕಳಿಗೆಂದೇ ಒಂದು ವಾಹಿನಿಯನ್ನು ತೆರೆಯಿತು. ಡೈರೆಕ್‌ಟಿವಿ ಎಂಬ ಉಪಗ್ರಹಪ್ರಸಾರ ಕಂಪೆನಿಯ ಹಣವು ಅದಕ್ಕೆ ಮುಖ್ಯ ಆಧಾರವಾಗಿದ್ದಿತು. 2005ರಲ್ಲಿ ಅದು ನಿಂತು, ಅದರ ಸ್ಥಾನಕ್ಕೆ ‘ಪಿ.ಬಿ.ಎಸ್. ಕಿಡ್ಸ್ ಸ್ಪ್ರೌಟ್’ ಬಂದಿತು. ಇದಕ್ಕೆ ನಾಲ್ವರು ಪಾಲುದಾರರು. ಕೇಬಲ್ ಕಂಪೆನಿಯಾದ ಕಾಮ್‌ಕಾಸ್ಟಿಗೆ ನೂರಕ್ಕೆ 40, ‘ಥಾಮಸ್’ ರೈಲು ‘ಬಾರ್ನಿ’ ಮೊದಲಾದ ಪಾತ್ರಗಳ ಒಡೆತನ ಹೊಂದಿದ್ದ ಹಿಟ್ ಎಂಟರ್‌ಟೈನ್‌ಮೆಂಟಿಗೆ 30, ಪಿ.ಬಿ.ಎಸ್.ಗೂ ಸೆಸಮಿ ವರ್ಕ್‌ಷಾಪಿಗೂ ತಲಾ 15. ಲಾಭದ ಹಂಗಿಲ್ಲದ ಇಬ್ಬರೂ ಕೂಡಿದರೆ ಮೂವತ್ತು. ಮಿಕ್ಕ ಎಪ್ಪತ್ತು ವರ್ತಕರದು. ಈ ಲೆಕ್ಕವನ್ನು ಮೊದಲ ದಿನವೇ ಕೂಡಿ ನೋಡಿದ್ದವರಿಗೆ ಮುಂದಿನ ಕಥೆ ಆಶ್ಚರ್ಯವನ್ನುಂಟುಮಾಡಿರಲಾರದು.

ಹೀಗಿದ್ದರೂ ಆ ವಾಹಿನಿಯಲ್ಲಿ ಒಂದು ನಿಜವಾದ ಗುಣವಿದ್ದಿತು. ಬೇರೆ ವಾಹಿನಿಗಳು ಕಾರ್ಯಕ್ರಮಗಳನ್ನು ಸಾಲಾಗಿ ಪೋಣಿಸುತ್ತಿದ್ದುವು. ‘ಸ್ಪ್ರೌಟ್’ ಮಗುವಿನ ದಿನಚರಿಯನ್ನೇ ಸೂತ್ರವಾಗಿಟ್ಟುಕೊಂಡು ಇಡೀ ದಿನವನ್ನು ಒಂದು ಪ್ರಬಂಧದಂತೆ ಕಟ್ಟಲು ಯತ್ನಿಸಿತು. ಬೆಳಗ್ಗೆ ಎಬ್ಬಿಸುವುದಕ್ಕೆ ಒಂದು, ಸಂಜೆ ತೂಗಿ ಮಲಗಿಸುವುದಕ್ಕೆ ಒಂದು. ನಡುವೆ ಬರುವ ಚಿತ್ರಕಥೆಗಳು ಬಹುಮಟ್ಟಿಗೆ ಬೇರೆಡೆಯಿಂದ ತಂದವು. ಅವುಗಳಲ್ಲಿ ಒಳ್ಳೆಯವೂ ಉಂಟು, ‘ಕಾಯೂ’ವಿನಂತೆ ಹಠಮಾರಿ ಬಾಲಕನ ರಾಗವನ್ನು ಎಳೆಯುವವೂ ಉಂಟು. ‘ಸ್ಪ್ರೌಟ್’ ತನ್ನದೆಂದು ಹೇಳಿಕೊಳ್ಳಬಹುದಾದುದು ಆ ಕಥೆಗಳನ್ನು ಹಿಡಿದಿಟ್ಟ ದಾರ.

‘ದಿ ಗುಡ್ ನೈಟ್ ಷೋ’ ಎಂಬ ರಾತ್ರಿಯ ಕಾರ್ಯಕ್ರಮವನ್ನು ಮೊದಲು ನೋಡಬೇಕು. ಮಿಷೆಲ್ ಲೆಪೆ ಎಂಬ ನಟಿ ನೀನಾ ಎಂಬ ಹೆಸರಿನಿಂದ ಅದನ್ನು ಬಹುಕಾಲ ನಡೆಸಿದಳು. ಜತೆಗೆ ಸ್ಟಾರ್ ಎಂಬ ನಕ್ಷತ್ರಾಕಾರದ ಗೊಂಬೆ. ಬೆಳಕು ಮಂದ, ಮಾತು ಮೆಲ್ಲಗೆ. ಒಂದು ಕಥೆ ಮುಗಿದ ಮೇಲೆ ಮೈಮುರಿದು ಚಾಚುವ ಆಟ, ಕೈಸನ್ನೆಯ ಭಾಷೆಯಲ್ಲಿ ಒಂದು ಪದ, ಒಂದು ಹಾಡು, ಮತ್ತೆ ಕಥೆ; ಹೀಗೆ ವೇಗವು ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತ ಹೋಗುವುದು. ನಾಟಕವೆಲ್ಲ ಪ್ರೇಕ್ಷಕನನ್ನು ಎಚ್ಚರವಾಗಿಡಲು ಹೆಣಗುವುದು. ಈ ಒಂದು ರಚನೆಯ ಸಿದ್ಧಿಯಾದರೋ ಪ್ರೇಕ್ಷಕನು ನಿದ್ದೆಹೋಗುವುದರಲ್ಲಿದೆ. ತನ್ನನ್ನು ನೋಡುವುದನ್ನು ನಿಲ್ಲಿಸೆಂದು ತಾನೇ ಹೇಳುವ ದೂರದರ್ಶನ ಕೃತಿ ವಿರಳ. ಜೋಗುಳದ ಧರ್ಮವನ್ನು ಅರಿತವರು ಮಾತ್ರ ಇದನ್ನು ಕಲ್ಪಿಸಬಲ್ಲರು.

ಈ ಕಾರ್ಯಕ್ರಮದ ಸಂಬಂಧವಾಗಿಯೇ 2006ರ ಜುಲೈಯಲ್ಲಿ ಒಂದು ಗದ್ದಲವೆದ್ದಿತು. ನೀನಾಳಿಗಿಂತ ಮುಂಚೆ ಇದ್ದ ನಿರೂಪಕಿಯು ಕೆಲವು ವರ್ಷಗಳ ಹಿಂದೆ ಪ್ರೌಢರಿಗಾಗಿ ತೆಗೆದ ಎರಡು ಕಿರು ವಿಡಂಬನಚಿತ್ರಗಳಲ್ಲಿ ನಟಿಸಿದ್ದಳೆಂಬ ಕಾರಣದಿಂದ ಅವಳನ್ನು ಕೆಲಸದಿಂದ ತೆಗೆದರು. ನಟನು ಬೇರೆ, ಅವನು ಅನುಕರಿಸುವ ಪಾತ್ರ ಬೇರೆ ಎಂಬ ವಿವೇಕ ನಾಟ್ಯಶಾಸ್ತ್ರದ ಮೊದಲ ಪಾಠ. ಮೂರು ವರ್ಷದ ಕೂಸಿಗೆ ಈ ವಿವೇಕವಿಲ್ಲ, ತೆರೆಯ ಮೇಲಿನ ಅಕ್ಕ ಅದಕ್ಕೆ ನಿಜವಾದ ಅಕ್ಕನೇ ಎಂಬ ವಾದದಲ್ಲಿ ಸ್ವಲ್ಪ ಹುರುಳುಂಟು. ಆದರೆ ಆ ಕೂಸು ಆ ಚಿತ್ರಗಳನ್ನು ನೋಡಿದ್ದಿಲ್ಲ, ನೋಡುವಂತೆಯೂ ಇರಲಿಲ್ಲ. ಹಿರಿಯರ ಅಂಜಿಕೆಗೆ ಶಿಶುವಿನ ಹೆಸರನ್ನು ಹೊದಿಸಿದ್ದು ನ್ಯಾಯವೆನಿಸುವುದಿಲ್ಲ. ಮಗುವಿಗೆ ಉಳಿದದ್ದು ಒಂದೇ: ದಿನವೂ ಬರುತ್ತಿದ್ದ ಮುಖ ಹೇಳದೆ ಕೇಳದೆ ಕಾಣದಾಯಿತು.

2007ರಲ್ಲಿ ಮೊದಲಾದ ‘ದಿ ಸನ್ನಿ ಸೈಡ್ ಅಪ್ ಷೋ’ ಬೆಳಗಿನ ನೇರಪ್ರಸಾರ. ಇದರಲ್ಲಿ ಚೀಕಾ ಎಂಬ ಕೋಳಿಮರಿಯ ಗೊಂಬೆಯುಂಟು. (ಈ ಹೆಸರು ಆ ದೇಶದಲ್ಲಿ ಮೊಟ್ಟೆ ಬೇಯಿಸುವ ಒಂದು ಬಗೆಗೂ ಸಲ್ಲುತ್ತದೆ. ಕೋಳಿಮರಿಯೇ ನಾಯಿಕೆಯಾಗಿರುವ ಆಟಕ್ಕೆ ಅದನ್ನಿಟ್ಟವರು ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಓದಿದವರಂತೆ ತೋರುವುದಿಲ್ಲ.) ಚೀಕಾಳಿಗೆ ಮಾತು ಬಾರದು, ಕೀಚುಕೀಚೆನ್ನುವ ಸದ್ದು ಮಾತ್ರ. ಜತೆಯಲ್ಲಿರುವ ನಿರೂಪಕರು ಆ ಸದ್ದನ್ನು ಕೇಳಿ, ‘ಓಹೋ, ಹೀಗೆನ್ನುವೆಯಾ’ ಎಂದು ಅದರ ಅರ್ಥವನ್ನು ಬಿಡಿಸಿ ಹೇಳುವರು. ನೋಡುವವರಿಗೆ ಇದು ಹುಡುಗಾಟವಾಗಿ ಕಂಡೀತು. ತೊದಲುವ ಕೂಸಿನ ಎದುರಿನಲ್ಲಿ ತಾಯಿ ದಿನವೂ ಮಾಡುವ ವ್ಯಾಖ್ಯಾನವಾದರೂ ಇದೇ ಅಲ್ಲವೆ? ಇನ್ನೂ ಪದ ಕೂಡಿಸಲಾರದ ಮಗು ತೆರೆಯ ಮೇಲೆ ತನ್ನಂತಹ ಇನ್ನೊಬ್ಬಳನ್ನು ಕಾಣುತ್ತದೆ. ಅವಳ ಸದ್ದಿಗೆ ಅರ್ಥವುಂಟೆಂದು ಹಿರಿಯರು ನಂಬುವುದನ್ನೂ ಕಾಣುತ್ತದೆ. ಶಿಶುವಿಗಾಗಿ ಕಟ್ಟಿದ ಪಾತ್ರಗಳಲ್ಲಿ ಇಷ್ಟು ಸಹಜವಾದುದು ಹೆಚ್ಚಿಲ್ಲ. ನಾಡಿನ ಎಲ್ಲೆಡೆಯಿಂದ ಮಕ್ಕಳು ತಾವೇ ಬಣ್ಣ ಬಳಿದು ಮಾಡಿ ಕಳುಹಿಸಿದ ಹುಟ್ಟುಹಬ್ಬದ ಕಾಗದಗಳನ್ನು ನಿರೂಪಕರು ಎತ್ತಿ ತೋರಿಸಿ ಹೆಸರುಗಳನ್ನು ಓದುತ್ತಿದ್ದರು. ವಕ್ರವಕ್ರವಾಗಿ ಬರೆದ ಆ ಸೂರ್ಯನೂ ಬೆಕ್ಕೂ ವೃತ್ತಿಚಿತ್ರಕಾರರ ಕೈಯಿಂದ ತಿದ್ದಿಸಿಕೊಳ್ಳದೆ ತೆರೆಗೆ ಬಂದುವು.

ಒಂದೇ ಕಥೆಯನ್ನು ಮತ್ತೆಮತ್ತೆ ತೋರಿಸುವರೆಂಬ ದೂರು ಇಂತಹ ವಾಹಿನಿಗಳ ಮೇಲೆ ಬರುವುದುಂಟು. ಪುನರುಕ್ತಿಯನ್ನು ದೋಷವೆಂದ ಶಾಸ್ತ್ರವು ಪ್ರೌಢನಾದ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿತು. ಕ್ರಮ, ಜಟೆ, ಘನವೆಂದು ಒಂದೇ ಮಂತ್ರವನ್ನು ಮುಂದೆಹಿಂದೆ ತಿರುವಿ ಹೇಳಿಸುವ ಪಾಠಕ್ರಮವನ್ನು ಬಲ್ಲವರು, ಪುನರುಕ್ತಿಯು ಕಲಿಯುವವನಿಗೆ ಭೂಷಣವೆಂಬುದನ್ನು ಒಪ್ಪಿಯಾರು. 1996ರಲ್ಲಿ ನಿಕೆಲೋಡಿಯನ್ ವಾಹಿನಿಯಲ್ಲಿ ಹೊರಟ ‘ಬ್ಲೂಸ್ ಕ್ಲೂಸ್’ ಒಂದೇ ಸಂಚಿಕೆಯನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನವೂ ತೋರಿಸಿತು. ಮೊದಲ ದಿನ ಸುಮ್ಮನೆ ನೋಡಿದ ಮಗು ಐದನೆಯ ದಿನ ಉತ್ತರವನ್ನು ಮುಂಚಿತವಾಗಿ ಕೂಗಿಹೇಳುವುದು. ಅದರ ಆನಂದ ತಿಳಿದುದನ್ನು ಮತ್ತೆ ಕಾಣುವುದರಲ್ಲಿ. ಆದ್ದರಿಂದ ಈ ದೂರು ನಿಲ್ಲತಕ್ಕದ್ದಲ್ಲ.

ನಿಲ್ಲತಕ್ಕ ದೂರುಗಳು ಬೇರೆ ಇವೆ. ಎರಡು ವರ್ಷಕ್ಕೆ ಒಳಗಿನ ಕೂಸಿಗೆ ದೂರದರ್ಶನ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಪರಿಷತ್ತು 1999ರಲ್ಲಿಯೇ ಹೇಳಿತ್ತು. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಸಾಕೆಂದು 2016ರಲ್ಲಿ ಮಿತಿಯನ್ನಿಟ್ಟಿತು. ಒಂದು ಗಂಟೆಯ ಹಸಿವಿಗೆ ಇಪ್ಪತ್ತನಾಲ್ಕು ಗಂಟೆಯ ಅಡುಗೆಯೇಕೆ? ಮಲಗೆಂದು ಹಾಡಿದ ವಾಹಿನಿ ತಾನು ಮಲಗಲಿಲ್ಲ. ಕಾಲವನ್ನೇ ಪ್ರಾಣವಾಗಿಟ್ಟುಕೊಂಡ ರಚನೆಗೆ ಇನ್ನೊಂದು ತೊಡಕು: ನ್ಯೂಯಾರ್ಕಿನಲ್ಲಿ ಒಂಬತ್ತು ಹೊಡೆದಾಗ ಕ್ಯಾಲಿಫೋರ್ನಿಯದಲ್ಲಿ ಇನ್ನೂ ಆರು. ನೇರಪ್ರಸಾರದ ಒಂದು ಸುಪ್ರಭಾತ ಅಷ್ಟು ಅಗಲದ ನಾಡಿಗೆಲ್ಲ ಒಪ್ಪುವಂತಿಲ್ಲ. ಇನ್ನು ಜಾಹೀರಾತು. ಮಕ್ಕಳನ್ನಲ್ಲ, ತಂದೆತಾಯಿಗಳನ್ನು ಉದ್ದೇಶಿಸಿ ಜಾಹೀರಾತು ಹಾಕುವೆವೆಂದು ವಾಹಿನಿಯವರು ಹೇಳಿಕೊಂಡರು. ಮಾತು ಚೆನ್ನ, ಆದರೆ ಬಾರ್ನಿಯ ಗೊಂಬೆಯನ್ನೂ ಥಾಮಸ್ ರೈಲನ್ನೂ ಮಾರತಕ್ಕವರಿಗೆ ಕಥೆಯೇ ಜಾಹೀರಾತಾಗಿರುವಾಗ ಬೇರೆ ಜಾಹೀರಾತಿನ ಅಗತ್ಯವೆಷ್ಟು?

ಇಳಿತದ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. 2011ರಲ್ಲಿ ಕಾಮ್‌ಕಾಸ್ಟ್ ಎನ್‌.ಬಿ.ಸಿ. ಯೂನಿವರ್ಸಲ್ ಎಂಬ ದೊಡ್ಡ ಸಂಸ್ಥೆಯನ್ನು ವಶಪಡಿಸಿಕೊಂಡಿತು. 2013ರ ನವೆಂಬರಿನಲ್ಲಿ ಉಳಿದ ಪಾಲುಗಳೂ ಆ ಸಂಸ್ಥೆಗೆ ಸಂದುವು. ಪಿ.ಬಿ.ಎಸ್. ಎಂಬ ಹೆಸರು ವಾಹಿನಿಯ ತಲೆಯ ಮೇಲಿನಿಂದ ಕಳಚಿಬಿದ್ದಿತು. ಫಿಲಡೆಲ್ಫಿಯಾದಲ್ಲಿದ್ದ ಬಿಡಾರ ನ್ಯೂಯಾರ್ಕಿಗೆ ಹೋಯಿತು. 2017ರ ಜನವರಿಯಲ್ಲಿ ಪಿ.ಬಿ.ಎಸ್. ತನ್ನದೇ ಆದ ಇಪ್ಪತ್ತನಾಲ್ಕು ಗಂಟೆಯ ಮಕ್ಕಳ ವಾಹಿನಿಯನ್ನು ಚಂದಾಹಣವಿಲ್ಲದೆ ನೋಡುವಂತೆ ಮತ್ತೆ ತೆರೆಯಿತು. ಅದೇ ವರ್ಷ ಸೆಪ್ಟೆಂಬರ್ 9ರಂದು ‘ಸ್ಪ್ರೌಟ್’ ಹೋಗಿ ‘ಯೂನಿವರ್ಸಲ್ ಕಿಡ್ಸ್’ ಆಯಿತು. ಎರಡರಿಂದ ಹನ್ನೆರಡು ವರ್ಷದವರೆಲ್ಲರೂ ತಮ್ಮವರೆಂದು ಹೇಳಿಕೊಂಡು, ಸಂಜೆಯ ವೇಳೆಯನ್ನು ‘ಟಾಪ್ ಷೆಫ್ ಜೂನಿಯರ್’ನಂತಹ ಬಾಲಕರ ಅಡುಗೆಯ ಪಂದ್ಯಗಳಿಗೆ ಕೊಟ್ಟರು. ಹಗಲಿನಲ್ಲಿ ಮಾತ್ರ ಹಳೆಯ ಹೆಸರು ಕೆಲಕಾಲ ಬಾಲಂಗೋಚಿಯಂತೆ ಉಳಿಯಿತು.

ವಾಹಿನಿ 2025ರಲ್ಲಿ ಮುಚ್ಚಿತೆಂದು ದಾಖಲೆಗಳು ಹೇಳುವುವು. ಕೃತಿಯ ದೃಷ್ಟಿಯಿಂದ ಅದು ಮುಗಿದದ್ದು 2017ರಲ್ಲಿ. ಜೋಗುಳಕ್ಕೆ ಮೀಸಲಾದ ಹೊತ್ತಿನಲ್ಲಿ ಪಂದ್ಯದ ಗಡಿಯಾರ ಟಿಕ್‌ಟಿಕ್ಕೆಂದಾಗಲೇ ದಾರ ಹರಿದಿತ್ತು. ಎಂಟು ವರ್ಷ ಉರುಳಿದ್ದು ಬಿಡಿಮಣಿಗಳು. ಎರಡು ವರ್ಷದವನಿಗೂ ಹನ್ನೆರಡು ವರ್ಷದವನಿಗೂ ಒಂದೇ ಎಲೆಯಲ್ಲಿ ಬಡಿಸಹೋದವರಿಗೆ ಇಬ್ಬರೂ ಒಲಿಯಲಿಲ್ಲ. ಜನರು ಕೇಬಲ್ ತೊರೆದು ಅಂತರ್ಜಾಲಕ್ಕೆ ಹೋದುದೇ ಕಾರಣವೆಂದು ಹೇಳುವವರಿದ್ದಾರೆ. ಅದು ಸಾವಿನ ಕಾರಣ ಹೌದು, ರೋಗದ ಕಾರಣವಲ್ಲ.

ಕಥೆಗಳೇನೋ ನಾಶವಾಗಿಲ್ಲ. ಥಾಮಸನೂ ಕಾಯೂವೂ ಬೇಕೆಂದಾಗ ಬೇಕಾದಷ್ಟು ದೊರೆಯುವರು. ಅಂತರ್ಜಾಲದ ಮಳಿಗೆಗಳಲ್ಲಿ ಒಂದು ಸಂಚಿಕೆ ಮುಗಿದೊಡನೆ ಇನ್ನೊಂದು ತಾನಾಗಿಯೇ ತೊಡಗುವುದು. ಬೆಳಗೆಂಬುದಿಲ್ಲ, ಸಂಜೆಯೆಂಬುದಿಲ್ಲ, ಹುಟ್ಟುಹಬ್ಬದ ಕಾಗದವನ್ನು ಕಳುಹಿಸಲು ವಿಳಾಸವೂ ಇಲ್ಲ. ನೀನಾಳ ಹಳೆಯ ಸಂಚಿಕೆಗಳ ತುಣುಕುಗಳನ್ನೂ ಅಲ್ಲಲ್ಲಿ ಹುಡುಕಿ ನೋಡಬಹುದು, ಮಧ್ಯಾಹ್ನ ಹನ್ನೆರಡು ಗಂಟೆಗೆ ಬೇಕಾದರೂ.