ಕಣಗಿಲೆಯನ್ನು ಗೋಡೆ ಮಾಡಬಾರದು

ಕಣಗಿಲೆಯ ಬಗ್ಗೆ ನಮ್ಮ ಕಲಬುರಗಿ ಭಾಗದಲ್ಲಿ ಒಂದು ಒಪ್ಪಿತ ಮಾತಿದೆ. ನೀರು ಬೇಡ, ಆರೈಕೆ ಬೇಡ, ಆಡು ಬಾಯಿ ಹಾಕುವುದಿಲ್ಲ, ವರ್ಷವಿಡೀ ಹಸಿರು, ಜೊತೆಗೆ ಪೂಜೆಗೆ ಹೂವು. ಆದ್ದರಿಂದ ಬಿಸಿಲು ನಾಡಿನಲ್ಲಿ ಮನೆಗೆ ಮರೆ ಬೇಕಿದ್ದರೆ ಕಂಪೌಂಡಿನ ಗುಂಟ ಕಣಗಿಲೆ ಹಚ್ಚಬೇಕು. ಚಿತ್ತಾಪುರ, ಸೇಡಂ, ಶಹಾಬಾದ, ವಾಡಿಯ ಹೊಸ ಬಡಾವಣೆಗಳಲ್ಲಿ ಈ ಮಾತನ್ನು ಪ್ರಶ್ನಿಸಿದವರನ್ನು ಗಿಡದ ವೈರಿಗಳಂತೆ ನೋಡುತ್ತಾರೆ. ನಾನು ವೈರಿಯಲ್ಲ. ಹೊಲಗಳೆಲ್ಲ ಬೋಳಾಗಿ, ಎರೆಮಣ್ಣು ಬಿರುಕು ಬಿಟ್ಟು, ಬಿಸಿಲು 43 ಡಿಗ್ರಿ ದಾಟಿದ ಮೇ ತಿಂಗಳಲ್ಲಿ ತಿಳಿಗುಲಾಬಿ ಗೊಂಚಲು ಹೊತ್ತು ನಿಲ್ಲುವ ಕಣಗಿಲೆಯನ್ನು ನಾನು ಬೇರೆ ಯಾವ ಹೂವಿಗೂ ಬಿಟ್ಟುಕೊಡಲಾರೆ. ನನ್ನ ತಕರಾರು ಇರುವುದು ನಾವು ಅದಕ್ಕೆ ವಹಿಸಿದ ಕೆಲಸದ ಮೇಲೆ. ಒಪ್ಪಿತ ಮಾತಿನ ಬಿಡಿ ಬಿಡಿ ಅಂಶಗಳು ಬಹುಪಾಲು ನಿಜ. ಅವುಗಳಿಂದ ಎಳೆದ ತೀರ್ಮಾನ ತಪ್ಪು.

ಮೊದಲು ಮಾದರಿಯ ಪ್ರಶ್ನೆ. ಕಣಗಿಲೆಯ ಮರೆಗೆ ಸಾಕ್ಷಿಯಾಗಿ ಯಾವಾಗಲೂ ಬರುವುದು ಮರುಭೂಮಿಯ ತೋಟಗಳು, ಅದರಲ್ಲೂ ಅಮೆರಿಕದ ಅರಿಜೋನಾದ ಫೀನಿಕ್ಸ್. ಅಲ್ಲಿ ವರ್ಷದ ಮಳೆ ಸುಮಾರು 200 ಮಿಲಿಮೀಟರ್. ಕಲಬುರಗಿ ಜಿಲ್ಲೆಯಲ್ಲಿ ಅದು 700 ದಾಟುತ್ತದೆ, ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳಲ್ಲಿ. ಇದು ಬಿಸಿಲಿನ ನೆಲ ಹೌದು, ಆದರೆ ತೊಗರಿ ಬೆಳೆಯುವ ನೆಲ, ಮರುಭೂಮಿಯಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಫೀನಿಕ್ಸಿನ ಆ ಹಸಿರು ಗೋಡೆಗಳು ನೀರು ಹಾಯಿಸಿ ಬೆಳೆಸಿದವು. ಮೆಡಿಟರೇನಿಯನ್ ತೀರದಿಂದ ನಮ್ಮ ಉಪಖಂಡದವರೆಗೆ ಹಬ್ಬಿರುವ ಈ ಗಿಡ ಸಹಜವಾಗಿ ಬೆಳೆಯುವ ಜಾಗವೂ ಒಣ ಬಯಲಲ್ಲ, ಹಳ್ಳದ ದಂಡೆ. ಮೇಲಿನ ಮರಳು ಒಣಗಿದ್ದರೂ ಕೆಳಗೆ ಬೇರಿಗೆ ತೇವ ಸಿಗುವ ಕಡೆ ಅದು ಮೈದುಂಬುತ್ತದೆ. ಶಹಾಬಾದ, ವಾಡಿಯಲ್ಲಿ ಒಂದೆರಡು ಅಡಿ ಅಗೆದರೆ ಫರಸಿ ಬಂಡೆಗೆ ಹಾರೆ ತಾಗುವ ಪ್ಲಾಟುಗಳಿವೆ. ಅಲ್ಲಿ ನೀರಿಲ್ಲದೆ ಕಣಗಿಲೆ ಸಾಯುವುದಿಲ್ಲ, ನಿಜ. ಸುಣ್ಣದ ಮಣ್ಣನ್ನೂ ಅದು ಸಹಿಸುತ್ತದೆ. ಆದರೆ ಕೆಳಗಿನ ಎಲೆ ಉದುರಿಸಿ ಬರೀ ಕಾಲುಗಳ ಮೇಲೆ ನಿಲ್ಲುತ್ತದೆ. ಬದುಕಿ ಉಳಿಯುವುದು ಬೇರೆ, ಮರೆಯಾಗಿ ನಿಲ್ಲುವುದು ಬೇರೆ. ಮಾರ್ಚ್‌ನಿಂದ ಮೇವರೆಗೆ ದಟ್ಟ ಗೋಡೆಯೇ ಬೇಕೆಂದರೆ ನೀರು ಕೊಡಬೇಕು. ಕುಡಿಯುವ ನೀರಿಗೇ ಕಾಯುವ ತಿಂಗಳುಗಳವು.

ಕಣಗಿಲೆ ಧೂಳು ತಡೆಯುತ್ತದೆ ಎಂಬ ವಾದ ಇದಕ್ಕಿಂತ ಗಟ್ಟಿ, ಅದನ್ನು ಗೌರವದಿಂದಲೇ ನೋಡಬೇಕು. ಸಿಮೆಂಟ್ ಕಾರ್ಖಾನೆಗಳೂ ಫರಸಿ ಗಣಿಗಳೂ ಇರುವ ಊರುಗಳಲ್ಲಿ ಎಲೆಗೆ ಬೀಳುವ ಪರೀಕ್ಷೆ ಕಠಿಣವಾದುದು. ಕಣಗಿಲೆಯ ಎಲೆ ಇದಕ್ಕೆ ಸಿದ್ಧವಾಗಿದೆ: ಮೇಲ್ಮೈ ದಪ್ಪ, ಮೇಣದ ಲೇಪ, ಉಸಿರಾಡುವ ರಂಧ್ರಗಳೆಲ್ಲ ಕೆಳಮೈಯ ಸಣ್ಣ ಕುಳಿಗಳಲ್ಲಿ, ಕೂದಲಿನಂಥ ಎಳೆಗಳ ಹಿಂದೆ ಅಡಗಿವೆ. ಮೇಲೆ ಬಿದ್ದ ಸಿಮೆಂಟ್ ಧೂಳು ಅವುಗಳನ್ನು ಮುಚ್ಚಲಾರದು. ಆದರೆ ಇದರಿಂದ ಸಿದ್ಧವಾಗುವುದು ಗಿಡ ಧೂಳನ್ನು ತಾಳಿಕೊಳ್ಳುತ್ತದೆ ಎಂದಷ್ಟೇ. ನಮ್ಮ ಮನೆಯನ್ನು ಧೂಳಿನಿಂದ ಕಾಯುತ್ತದೆ ಎಂಬುದು ಇನ್ನೊಂದು ಪ್ರಮೇಯ, ಅದಕ್ಕೆ ಇನ್ನೊಂದು ಪುರಾವೆ ಬೇಕು. ನುಣುಪಾದ ಕಿರಿದಾದ ಎಲೆಗಿಂತ ಒರಟಾದ ಅಗಲ ಎಲೆ ಹೆಚ್ಚು ಧೂಳು ಹಿಡಿಯುತ್ತದೆ. ಗಾಳಿ ತಡೆಯುವ ಮರಸಾಲುಗಳ ಬಗ್ಗೆ ಬಲ್ಲವರು ಹೇಳುವುದೂ ಇದನ್ನೇ: ಸಂದಿಲ್ಲದ ಗೋಡೆ ಗಾಳಿಯನ್ನು ಮೇಲಕ್ಕೆತ್ತಿ ತನ್ನ ಹಿಂದೆಯೇ ಸುಳಿಯಾಗಿ ಇಳಿಸುತ್ತದೆ, ಗಾಳಿ ಅರ್ಧ ತೂರಿ ಹೋಗುವ ಸಾಲು ಅದನ್ನು ನಿಧಾನಗೊಳಿಸಿ ಧೂಳನ್ನು ಕೆಡವುತ್ತದೆ. ನಮ್ಮ ಹಿರಿಯರು ಹಿತ್ತಲಿಗೆ ಕಟ್ಟುತ್ತಿದ್ದ ತೊಗರಿ ಕಟ್ಟಿಗೆಯ ತಟ್ಟಿಯಲ್ಲಿ ಈ ಗುಣ ತಾನಾಗಿಯೇ ಇತ್ತು.

ಇನ್ನು ಹೂವು. ಕಣಗಿಲೆ ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಯಲ್ಲಿ. ಬೇಲಿಯೆಂದರೆ ತುದಿಯನ್ನೇ ಮತ್ತೆ ಮತ್ತೆ ಸಮವಾಗಿ ಕತ್ತರಿಸುವುದು. ಬೇಲಿ ಎಷ್ಟು ಅಚ್ಚುಕಟ್ಟೋ ಹೂವು ಅಷ್ಟು ಕಡಿಮೆ. ಹೂಬಿಡುವ ಬೇಲಿ ಎಂದು ಹೊಗಳಿ ಮಾರಿದ ಗಿಡ, ಬೇಲಿಯಾದ ದಿನದಿಂದ ಹೂವನ್ನು ಕಳೆದುಕೊಳ್ಳುತ್ತಾ ಹೋಗುತ್ತದೆ.

ನನ್ನ ನಿಜವಾದ ಆಕ್ಷೇಪ ಮಾತ್ರ ಕತ್ತರಿಸಿ ಬಿದ್ದ ಟೊಂಗೆಗಳ ಬಗ್ಗೆ. ಕಣಗಿಲೆಯ ಬೇರು, ತೊಗಟೆ, ಎಲೆ, ಹೂವು ಎಲ್ಲದರಲ್ಲೂ ಒಲಿಯಾಂಡ್ರಿನ್ ಮತ್ತು ಅದರ ಬಳಗದ ವಿಷಗಳಿವೆ. ಅವು ನೇರ ಹೃದಯದ ಬಡಿತವನ್ನು ಕೆಡಿಸುತ್ತವೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವೆ. ಹಸಿ ಕಣಗಿಲೆಯನ್ನು ಆಡು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಏಕೆಂದರೆ ಕಹಿ. ಒಣಗಿದಾಗ ಕಹಿ ಕಡಿಮೆಯಾಗುತ್ತದೆ, ವಿಷ ಉಳಿಯುತ್ತದೆ. ಒಪ್ಪಿತ ಮಾತು ಮರೆಯುವುದು ಈ ಅರ್ಧವನ್ನು. ತನ್ನ ಪಾಡಿಗೆ ಬೆಳೆದ ಗಿಡದಿಂದ ಬೀಳುವ ಒಣ ಸೊಪ್ಪು ಸ್ವಲ್ಪ. ನಲವತ್ತು ಅಡಿ ಬೇಲಿ ಸವರಿದಾಗ ಬೀಳುವುದು ಗಾಡಿಗಟ್ಟಲೆ. ಅದು ಎಲ್ಲಿಗೆ ಹೋಗುತ್ತದೆ? ಕಂಪೌಂಡಿನಾಚೆ ರಸ್ತೆ ಬದಿಗೆ. ಅಲ್ಲಿ ಬಿಸಿಲಿಗೆ ಎರಡು ದಿನ ಒಣಗುತ್ತದೆ. ಮೇ ತಿಂಗಳಲ್ಲಿ ಮೇವಿಲ್ಲದೆ ಬೀದಿ ಸುತ್ತುವ ಆಕಳು, ಎಮ್ಮೆ, ಆಡುಗಳು ಅಲ್ಲೇ ಬರುತ್ತವೆ. ಬೆಂಕಿ ಹಚ್ಚಿದರೆ ಅದರ ಹೊಗೆಯೂ ಕೆಟ್ಟದ್ದು. ಅಂದರೆ ಗಿಡದಲ್ಲಿದ್ದ ವಿಷವನ್ನು ಬೀದಿಗೆ ತರುವುದು ಬೇಲಿಯೆಂಬ ಬಳಕೆಯೇ. ನಮ್ಮ ಮನೆಯ ಮರೆಗಾಗಿ ಬೇರೊಬ್ಬರ, ಅದೂ ಎರಡೇ ಆಡು ನಂಬಿ ಬದುಕುವವರ, ಜೀವನಾಧಾರವನ್ನು ಅಪಾಯಕ್ಕೊಡ್ಡುವುದನ್ನು ನಾನು ತೋಟಗಾರಿಕೆಯ ಆಯ್ಕೆಯೆಂದು ಕರೆಯಲಾರೆ.

ಹಾಗಾದರೆ ಕಿತ್ತುಹಾಕಿ ಎನ್ನುವ ಎದುರು ಪಕ್ಷದವರಿದ್ದಾರೆ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ ಈ ಹೂವನ್ನು ನಿಷೇಧಿಸಿದ ಮೇಲೆ ಅವರ ದನಿ ಏರಿದೆ. ಆ ನಿರ್ಧಾರ ಸರಿಯಾದದ್ದೇ: ಬಾಯಿಗೆ ಹೋಗುವ ವಸ್ತುವಿನ ಜೊತೆ ಕಣಗಿಲೆ ಇರಕೂಡದು. ಆದರೆ ಅದು ಗಿಡವನ್ನೇ ಅಳಿಸುವ ಆದೇಶವಲ್ಲ. ಶಿವಪೂಜೆಗೆ ಕಣಗಿಲೆ ಏರಿಸುವ ಮನೆಗಳು ನಮ್ಮಲ್ಲಿ ತಲೆಮಾರುಗಳಿಂದ ಇವೆ. ಆಯುರ್ವೇದವೂ ಕರವೀರವೆಂಬ ಹೆಸರಿನಲ್ಲಿ ಕಣಗಿಲೆಯನ್ನು ಉಪವಿಷಗಳಲ್ಲಿ ಎಣಿಸಿದೆ. ಹಳಬರು ವಿಷವೆಂದು ತಿಳಿದೇ ಹತ್ತಿರ ಇಟ್ಟುಕೊಂಡರು. ಈ ಗಲಾಟೆಯಲ್ಲಿ ಇನ್ನೊಂದು ಭೇದವೂ ಕಳೆದುಹೋಗಿದೆ. ಗಂಟೆಯಾಕಾರದ ಹೂವಿನ ಹಳದಿ ಕಣಗಿಲೆ ಬೇರೆಯೇ ಗಿಡ, ಅಮೆರಿಕದ ಉಷ್ಣವಲಯದಿಂದ ಬಂದದ್ದು, ಬೇಗ ಎತ್ತರವಾಗುತ್ತದೆ. ಹಾಗಾಗಿ ಮರೆಗೆ ಅದನ್ನೇ ಹಚ್ಚುವವರೂ ಬಹಳ. ಅದರ ಗಟ್ಟಿ ಬೀಜ ಕೆಲವೇ ಸಾಕು ಜೀವ ತೆಗೆಯಲು. 1980ರ ದಶಕದಿಂದ ಉತ್ತರ ಶ್ರೀಲಂಕಾದ ಆಸ್ಪತ್ರೆಗಳು ಆ ಬೀಜ ತಿಂದವರನ್ನು ಉಳಿಸಲು ಹೆಣಗಿವೆ. ಮಕ್ಕಳು ಕಾಯಿ ಆರಿಸಿ ಆಡುವ ಅಂಗಳದಲ್ಲಿ ಹಳದಿಗೆ ನಾನು ಜಾಗ ಕೊಡುವುದಿಲ್ಲ. ಗುಲಾಬಿ, ಬಿಳಿ, ಕೆಂಪು ಕಣಗಿಲೆಯ ಪರವಾಗಿ ವಾದಿಸುತ್ತೇನೆ.

ಈ ಬೇಲಿ ಮರೆಮಾಡುವುದಾದರೂ ಯಾರನ್ನು, ಯಾವಾಗ? ಇಲ್ಲಿಯ ಹಳೆಯ ಮನೆಗಳನ್ನು ನೋಡಿ. ಬೀದಿಗೆ ದಪ್ಪ ಕಲ್ಲಿನ ಗೋಡೆ, ಒಂದು ಬಾಗಿಲು, ಒಳಗೆ ತೆರೆದ ಅಂಗಳ. ಮರೆ ಮನೆಯ ನಕ್ಷೆಯಲ್ಲೇ ಇತ್ತು. ಗಿಡ ಅಂಗಳದೊಳಗೆ ಹೂವಿಗಾಗಿ ನಿಂತಿತ್ತು. ಹೊಸ ಬಡಾವಣೆಯಲ್ಲಿ ಮನೆ ಪ್ಲಾಟಿನ ನಡುವೆ, ಕಿಟಕಿಗಳೆಲ್ಲ ಹೊರಕ್ಕೆ. ನಕ್ಷೆ ಬಿಟ್ಟುಕೊಟ್ಟ ಮರೆಯನ್ನು ಗಿಡದಿಂದ ವಸೂಲು ಮಾಡಲು ಹೊರಟಿದ್ದೇವೆ. ನಮ್ಮ ಬೇಸಿಗೆಯಲ್ಲಿ ಮರೆ ಬೇಕಾಗುವ ಹೊತ್ತು ರಾತ್ರಿ, ಜಾಗ ಮಾಳಿಗೆ. ಕರೆಂಟು ಹೋದಾಗ ಮನೆಮಂದಿಯೆಲ್ಲ ಹಾಸಿಗೆ ಹೊತ್ತು ಮೇಲೇರುತ್ತಾರೆ. ಹೆಣ್ಣುಮಕ್ಕಳ ಸಂಕೋಚ ಇರುವುದು ಪಕ್ಕದ ಮನೆಯ ಎರಡನೇ ಅಂತಸ್ತಿನ ಕಣ್ಣಿಗೆ. ಎಂಟಡಿ ಕಣಗಿಲೆ ಅಲ್ಲಿ ಏನೂ ಮಾಡಲಾರದು. ಕೆಳಗೆ ಅಂಗಳದಲ್ಲಿ ಮಲಗುವ ಹಿರಿಯರಿಗೆ ಬರುವ ಅಷ್ಟಿಷ್ಟು ಗಾಳಿಯನ್ನು ಮಾತ್ರ ತಡೆಯುತ್ತದೆ. ಮಾಳಿಗೆಗೆ ಬೇಕಾದದ್ದು ನಾಲ್ಕು ಅಡಿ ಜಾಲಿ ಗೋಡೆ ಅಥವಾ ಒಂದು ತಟ್ಟಿ.

ಹೆದ್ದಾರಿಯ ನಡುವಿನ ವಿಭಜಕದಲ್ಲಿ ಕಣಗಿಲೆ ಗೆದ್ದಿದೆಯಲ್ಲ ಎಂದು ಕೇಳಬಹುದು. ಗೆದ್ದಿದೆ. ಅಲ್ಲಿ ಅದರ ಕೆಲಸ ಎದುರು ಗಾಡಿಯ ದೀಪದ ಝಳವನ್ನು ಮುರಿಯುವುದು. ಅಲ್ಲಿ ಯಾರೂ ಮಲಗುವುದಿಲ್ಲ, ಮಕ್ಕಳು ಆಡುವುದಿಲ್ಲ. ಆ ಯಶಸ್ಸನ್ನು ಹಾಗೇ ಎತ್ತಿ ಮನೆ ಬಾಗಿಲಿಗೆ ತಂದದ್ದೇ ಎಡವಟ್ಟು. ಉದ್ದಕ್ಕೆ ಒಂದೇ ಗಿಡ ಹಚ್ಚುವ ಪದ್ಧತಿಗೂ ಬೆಲೆಯಿದೆ. 1990ರ ದಶಕದಿಂದ ದಕ್ಷಿಣ ಕ್ಯಾಲಿಫೋರ್ನಿಯಾದ ಕಣಗಿಲೆ ಸಾಲುಗಳಿಗೆ ಜಿಗಿಹುಳು ಹರಡುವ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ತಗುಲಿ, ಎಲೆ ಸುಟ್ಟಂತಾಗಿ ಗಿಡಗಳು ಸತ್ತವು. ಅದಕ್ಕೆ ಮದ್ದಿಲ್ಲ.

ಮರೆಯ ಕೆಲಸಕ್ಕೆ ಈ ನೆಲದಲ್ಲೇ ಬೇರೆ ಗಿಡಗಳಿವೆ. ಲಕ್ಕಿ ಆಡಿಗೆ ಬೇಡ, ಜೇನಿಗೆ ಬೇಕು. ಕಣಗಿಲೆ ಹೂವಿನಲ್ಲಾದರೋ ಮಕರಂದವೇ ಇಲ್ಲ. ಆಡುಸೋಗೆ ಕತ್ತರಿಗೆ ಬಗ್ಗುತ್ತದೆ, ಎಲೆ ಅಗಲ. ಬಂದರಿಕೆ ಕಲ್ಲುನೆಲದಲ್ಲೂ ಚಿಂಚೋಳಿಯ ಕೆಂಪು ಮಣ್ಣಿನಲ್ಲೂ ನಿಲ್ಲುತ್ತದೆ. ಮದರಂಗಿಯಂತೂ ಹಳೆಯ ಬೇಲಿ. ಇವುಗಳನ್ನು ಬೆರೆಸಿ ಐದಡಿಗೆ ನಿಲ್ಲಿಸಿ, ಹಿಂದೆ ನೆಟ್ಟಗೆ ಹುಗಿದ ಫರಸಿ ಚಪ್ಪಡಿ ಇರಲಿ. ಕಣಗಿಲೆಯನ್ನು ಬೇಲಿಯ ಕೆಲಸದಿಂದ ಬಿಡಿಸಿ ಅಂಗಳದೊಳಗೆ ತನ್ನಿ: ಬುಡದ ಚಿಗುರು ತೆಗೆಯುತ್ತಾ ಮೂರು ಕಾಂಡ ಉಳಿಸಿದರೆ ಹತ್ತು ಹನ್ನೆರಡು ಅಡಿಯ ಪುಟ್ಟ ಮರವಾಗುತ್ತದೆ. ತಲೆ ಮೇಲೆ ಹೂವು, ಕೆಳಗೆ ಗಾಳಿಗೆ ದಾರಿ. ದನದ ಗೋದಲಿ, ನೀರಿನ ತೊಟ್ಟಿ, ಮಕ್ಕಳ ಆಟದ ಜಾಗದಿಂದ ದೂರ ಇರಬೇಕು. ಸವರುವುದು ವರ್ಷಕ್ಕೊಮ್ಮೆ, ಹೂವಿನ ಭರಾಟೆ ಮುಗಿದ ಮೇಲೆ, ಕೈಗವಸು ಹಾಕಿಕೊಂಡು. ಬಿದ್ದ ಟೊಂಗೆ ಅದೇ ದಿನ ದನ ಕೆದಕಲಾರದಷ್ಟು ಆಳದ ಗುಂಡಿಗೆ ಸೇರಬೇಕು. ಸಸಿ ಮಾರುವ ನರ್ಸರಿಗಳು ಈ ಕೊನೆಯ ಮಾತನ್ನು ಪ್ರತಿ ಸಸಿಯ ಚೀಲಕ್ಕೂ ಕನ್ನಡದಲ್ಲಿ ಅಂಟಿಸುವಂತೆ ಪುರಸಭೆಗಳು ಕಡ್ಡಾಯ ಮಾಡಬೇಕು. ಕಾಲೊನಿಗಳಲ್ಲಿ ಈಗಾಗಲೇ ನಿಂತಿರುವ ಬೇಲಿಗಳ ಕತ್ತರಿಕೆಯನ್ನು ಹೊರುವ ಗಾಡಿಯನ್ನು ಮೇ ತಿಂಗಳಿಗೆ ಮೊದಲೇ ಕಳಿಸಬೇಕು.